ನನ್ನ ಬಲಗೈಯ ಭಕ್ತಿ

ಕಾರಿನ ಹಿಂದಿನ ಗಾಜಿಗೆ ಅಂಟಿಸಿದ್ದ ಕೆಂಪು 'ಎಲ್' ಅಕ್ಷರವನ್ನು ಕೀಳಲು ಈ ಬೆಳಿಗ್ಗೆ ಒಂದೂವರೆ ಗಂಟೆ ಹಿಡಿಯಿತು. ಉಗುರಿನಿಂದ ಕೆರೆದೆ, ಬೆಣ್ಣೆ ಸವರುವ ಚಾಕುವಿನಿಂದ ಕೆರೆದೆ, ಕೊನೆಗೆ ತೆಂಗಿನೆಣ್ಣೆ ಹಚ್ಚಿ ಹಳೇ ನೈಟಿಯ ಚೂರಿನಿಂದ ಉಜ್ಜಿದೆ. ಅಕ್ಷರ ಹೋಯಿತು, ಅಂಟು ಉಳಿಯಿತು. ಬಿಸಿಲು ಬಿದ್ದರೆ ಈಗಲೂ ಮಸುಕಾಗಿ ಒಂದು ಎಲ್ ಕಾಣುತ್ತದೆ. ಇರಲಿ ಬಿಡಿ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಾರು ಕಲಿತವಳ ಹಿಂದೆ ಬರುವವರಿಗೆ ಅಷ್ಟು ಸೂಚನೆ ಇರುವುದು ಒಳ್ಳೆಯದೇ.

ಆ ಅಕ್ಷರದ ಮೇಲೆ ನನಗೆ ಮೊದಲಿನಿಂದಲೂ ಒಂದು ಮಮತೆ. ಮೂವತ್ತನಾಲ್ಕು ವರ್ಷ ಕಾನ್ವೆಂಟ್ ಶಾಲೆಯ ಮೂರನೇ ಕ್ಲಾಸಿಗೆ ಕರ್ಸಿವ್ ರೈಟಿಂಗ್ ಕಲಿಸಿದವಳು ನಾನು. ಕ್ಯಾಪಿಟಲ್ ಎಲ್ ಎಂದರೆ ಸುಲಭವಲ್ಲ. ಮೇಲೊಂದು ಕುಣಿಕೆ, ಕೆಳಗೊಂದು ಕುಣಿಕೆ, ಕೊನೆಗೆ ನಾಯಿಮರಿಯ ಹಾಗೆ ಒಂದು ಬಾಲ. ಜೂನ್ ತಿಂಗಳಲ್ಲಿ ಎಂಟು ವರ್ಷದ ಮಗುವಿಗೆ ಒಂದು ಎಲ್ ಬರೆಯಲು ಇಡೀ ದೇಹ ಬೇಕು. ಭುಜ ಕಿವಿಯವರೆಗೆ ಏರುತ್ತದೆ, ಕಾಲ ಬೆರಳುಗಳು ಶೂಸಿನೊಳಗೆ ಮಡಚಿಕೊಳ್ಳುತ್ತವೆ, ನಾಲಗೆ ಬಾಯಿಯ ಬಲ ಮೂಲೆಯಿಂದ ಹೊರಬಂದು ಪೆನ್ಸಿಲಿನ ಜೊತೆಗೇ ತಿರುಗುತ್ತದೆ. ಕ್ರಿಸ್ಮಸ್ ರಜೆ ಹತ್ತಿರ ಬರುವಾಗ ಅದೇ ಮಗು ಎಲ್ ಬರೆಯುತ್ತಲೇ ಪಕ್ಕದವಳ ಟಿಫಿನ್ ಬಾಕ್ಸಿನಲ್ಲಿ ಎಂತ ಉಂಟು ಎಂದು ಇಣುಕುತ್ತಿರುತ್ತದೆ. ನಾಲಗೆ ಒಳಗೆ ಹೋದ ದಿನ ಕಲಿಕೆ ಮುಗಿಯಿತು ಎಂಬುದು ನನ್ನ ಲೆಕ್ಕ. ಟೀಚರ್ಸ್ ಟ್ರೈನಿಂಗಿನಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ, ಮೂವತ್ತನಾಲ್ಕು ವರ್ಷ ನಾಲಗೆಗಳನ್ನು ನೋಡಿ ನಾನೇ ಕಂಡುಕೊಂಡದ್ದು.

ಈಗ ನನ್ನ ನಾಲಗೆ ಹೊರಬರುವ ಕಾಲ ಬಂತು.

ಈ ವಯಸ್ಸಿನಲ್ಲಿ ಇವಳಿಗೆ ಯಾಕೆ ಈ ಹುಚ್ಚು ಎಂದು ನೀವು ಕೇಳುತ್ತೀರಿ. ಚರ್ಚಿನಲ್ಲಿಯೂ ಎಲ್ಲರೂ ಕೇಳಿದರು. ಕಾರಣ ನನ್ನ ಗಂಡ ವಿನ್ಸೆಂಟ್. ಬ್ಯಾಂಕಿನಿಂದ ರಿಟೈರ್ ಆದಮೇಲೆ ಅವರಿಗೆ ಇದ್ದ ಒಂದೇ ಧರ್ಮ ಎಂದರೆ ಶನಿವಾರದ ಮೀನು ಹಿಡಿಯುವುದು. ಶಕ್ತಿನಗರದ ನಮ್ಮ ಮನೆಯಿಂದ ಹೊರಟು ಕೂಳೂರು ಸೇತುವೆಯ ಹತ್ತಿರ ಹೊಳೆಯ ಬದಿಯಲ್ಲಿ ಕೂತು, ಅಲ್ಲೇ ಅಂಗಡಿ ಇಟ್ಟಿರುವ ಹಸನಬ್ಬ ಎಂಬ ಗೆಳೆಯನೊಡನೆ ಗಾಳ ಹಾಕುತ್ತಿದ್ದರು. ಇಬ್ಬರೂ ಸೇರಿ ತರುವ ಮೀನನ್ನು ನಮ್ಮ ಬೆಕ್ಕು ಕೂಡ ಒಂದೇ ತುತ್ತಿಗೆ ಮುಗಿಸುತ್ತಿತ್ತು. ಆದರೂ ಆ ದಿನ ಸಂಜೆ ವಿನ್ಸೆಂಟ್ ಮನೆಗೆ ಬರುವಾಗ ಹಾಡುತ್ತಾ ಬರುತ್ತಿದ್ದರು, ಊಟದ ಹೊತ್ತಿಗೆ ಹೊಳೆಯ ಸುದ್ದಿ, ಹಸನಬ್ಬನ ಸುದ್ದಿ, ತಪ್ಪಿಹೋದ ಮೀನಿನ ಉದ್ದ.

ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಎದುರಿನದು ಕಾಣುತ್ತದೆ, ಬದಿಯದು ಕಾಣುವುದಿಲ್ಲ, ಕೊಳವೆಯಲ್ಲಿ ಇಣುಕಿದ ಹಾಗೆ. ಇನ್ನು ಡ್ರೈವಿಂಗ್ ಬೇಡ ಎಂದರು. ವಿನ್ಸೆಂಟ್ ಮನೆಗೆ ಬಂದು ಕಾರಿನ ಕೀಯನ್ನು ದೇವರ ಪಟಗಳಿರುವ ಅಲ್ತಾರಿನ ಕೆಳಗಿನ ಮೊಳೆಗೆ ತೂಗುಹಾಕಿದರು. ಅದರ ಜೊತೆಗೆ ಮಾತನ್ನೂ ತೂಗುಹಾಕಿದರು ಎಂದು ಕಾಣುತ್ತದೆ. ಏನು ಕೇಳಿದರೂ ಹಾಂ, ಹೂಂ. ಬಲ್ಮಠದಲ್ಲಿರುವ ಮಗಳು ಶೀಲಾ "ಡ್ಯಾಡಿ, ನಾನು ಕರ್ಕೊಂಡು ಹೋಗ್ತೇನೆ" ಎಂದಳು. ಬೇಡ. ನಾನು "ರಿಕ್ಷಾ ಮಾಡಿ ಹೋಗಿ" ಎಂದೆ.

"ಹಿಂದೆ ಒಬ್ಬ ವಾಚು ನೋಡ್ತಾ ಕಾದು ಕೂತ್ರೆ ಮೀನು ಕಚ್ಚುದಿಲ್ಲ ಐರಿನ್" ಎಂದರು. ಆ ವಾರ ಅವರು ಆಡಿದ ಅತ್ಯಂತ ಉದ್ದದ ವಾಕ್ಯ ಅದು.

ಶನಿವಾರ ಬಂದರೆ ವರಾಂಡದಲ್ಲಿ ಕೂತು ಗಾಳದ ದಾರವನ್ನು ಬಿಚ್ಚಿ ಸುತ್ತುವುದು, ಸುತ್ತಿ ಬಿಚ್ಚುವುದು. ಒಂದು ದಿನ ಅದನ್ನು ನೋಡುತ್ತಾ ನಿಂತವಳು ಒಳಗೆ ಹೋಗಿ ಕೀ ತೆಗೆದುಕೊಂಡೆ. ಕಾರು ನಮ್ಮದೇ ಆಗಬೇಕು, ಓಡಿಸುವವಳೂ ಮನೆಯವಳೇ ಆಗಬೇಕು, ವಾಚು ಇರಬಾರದು. ಇಷ್ಟೇ ಅಲ್ಲವೇ? ನಾನು ವಾಚು ಕಟ್ಟುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

"ನಾನು ಕಾರು ಕಲಿಯುತ್ತೇನೆ. ಕಲಿತು ನಿಮ್ಮನ್ನು ಕೂಳೂರಿಗೆ ಕರೆದುಕೊಂಡು ಹೋಗುತ್ತೇನೆ" ಎಂದೆ.

ವಿನ್ಸೆಂಟ್ ದಾರದಿಂದ ತಲೆ ಎತ್ತಿ, ನಾನು ಆ ಕೊಳವೆಯೊಳಗೆ ಬರುವವರೆಗೆ ಮುಖ ತಿರುಗಿಸಿ ನೋಡಿದರು. "ನೀನು ಓಡಿಸುವ ಕಾರಿನಲ್ಲಿ ನಾನು ಕೂತುಕೊಳ್ಳುದಿಲ್ಲ. ನನಗೆ ಹಾಸಿಗೆಯಲ್ಲಿ ಸಾಯ್ಬೇಕು."

ಕಲಿಸಲು ಸಿಕ್ಕಿದವಳು ಝೊಹರಾ. ಹಸನಬ್ಬರ ಮಗಳು, ಬಲ್ಮಠದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಾಳೆ. ಅದಕ್ಕಿಂತ ಮುಖ್ಯವಾದ ವಿಷಯ, ಅವಳು ಮೂರನೇ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿನಿ. ಶಿಷ್ಯೆಯ ಕಾಲಿನ ಕೆಳಗೆ ಎರಡನೇ ಬ್ರೇಕು, ಗುರುವಿನ ಕೈಯಲ್ಲಿ ನಡುಗುವ ಸ್ಟೀರಿಂಗು. ದೇವರ ನ್ಯಾಯ ನಿಧಾನ, ಆದರೆ ಮರೆವಿಲ್ಲ.

"ಟೀಚರ್, ಗೇರ್ ನೋಡ್ಬೇಡಿ. ಅದು ಎಲ್ಲಿಗೂ ಓಡಿಹೋಗುದಿಲ್ಲ. ರಸ್ತೆ ನೋಡಿ."

ರಸ್ತೆ ನೋಡಿದೆ. ಗೇರ್ ಕೈಗೆ ಸಿಗಲಿಲ್ಲ, ಸಿಕ್ಕಿದ್ದು ಅವಳ ಮೊಣಕಾಲು.

"ನಿಮಗೆ ನೆನಪುಂಟಾ ಟೀಚರ್? ಪೆನ್ಸಿಲ್ ಗಟ್ಟಿ ಹಿಡ್ದದ್ದಕ್ಕೆ ನನ್ನ ಗೆಣ್ಣಿಗೆ ಸ್ಕೇಲಿನಲ್ಲಿ ಕೊಟ್ಟದ್ದು?"

"ಇಲ್ಲ ಮಾರಾಯ್ತಿ. ನಾನು ಹಾಗೆಲ್ಲ ಹೊಡೆದವಳಲ್ಲ."

"ನನಗೆ ನೆನಪುಂಟು. ಸ್ಟೀರಿಂಗ್ ಸಡಿಲ ಹಿಡೀರಿ. ಅದನ್ನು ಯಾರೂ ಕದ್ದುಕೊಂಡು ಹೋಗುದಿಲ್ಲ."

ಮೊದಲ ವಾರದ ನನ್ನ ಸ್ಥಿತಿ ಹೇಗಿತ್ತು ಎಂದರೆ, ಗಿಡ್ಡ ಹೊದಿಕೆ ಹೊದ್ದು ಮಲಗಿದವಳ ಹಾಗೆ. ತಲೆಗೆ ಎಳೆದರೆ ಕಾಲು ಹೊರಗೆ, ಕಾಲಿಗೆ ಎಳೆದರೆ ತಲೆ ಹೊರಗೆ. ಮನುಷ್ಯರಿಗೆ ದೇವರು ಕೊಟ್ಟ ಗಮನವೇ ಅಷ್ಟು ಗಿಡ್ಡ. ಅದನ್ನು ಕ್ಲಚ್ಚಿಗೆ ಎಳೆದಾಗ ಸ್ಟೀರಿಂಗ್ ಬೆತ್ತಲೆ, ಸ್ಟೀರಿಂಗಿಗೆ ಎಳೆದಾಗ ಕನ್ನಡಿ ಬೆತ್ತಲೆ. ಯಾವುದೋ ಮನೆಯ ಗೇಟಿನಲ್ಲಿ ನಿಂತ ಅಜ್ಜನೊಬ್ಬ ನನ್ನ ಕಾರು ಬರುವುದನ್ನು ಕಂಡು ಒಳಗೆ ಹೋಗಿ ಗೇಟು ಹಾಕಿಕೊಂಡ. ಮನೆಗೆ ಬಂದು ಕನ್ನಡಿ ನೋಡಿದರೆ ಕೆಳತುಟಿಯ ಬಲ ಮೂಲೆ ಒಣಗಿ ಒಡೆದಿತ್ತು. ಇಡೀ ವಾರ ನಾಲಗೆ ಹೊರಗಿತ್ತು ಎಂದಾಯಿತು.

ಕೈಕಾಲುಗಳನ್ನು ಅವುಗಳ ಪಾಡಿಗೆ ಬಿಟ್ಟು ಬೇರೆಲ್ಲೋ ಇರುವುದು ನನಗೆ ಹೊಸತಲ್ಲ. ನಮ್ಮ ಮನೆಯಲ್ಲಿ ಅದು ಅಮ್ಮನ ಕಡೆಯಿಂದ ಬಂದ ಆಸ್ತಿ. ಅಮ್ಮ ಸಂಜೆ ರುಬ್ಬುಗಲ್ಲಿನ ಎದುರು ಕೂತು ಮೀನಿನ ಮಸಾಲೆ ಅರೆಯುತ್ತಾ ರೋಜರಿಯ ಜಪ ನಡೆಸುತ್ತಿದ್ದಳು. ನಾವು ಆರು ಮಕ್ಕಳು ಸಾಲಾಗಿ ಮೊಣಕಾಲೂರಿ ಉತ್ತರ ಹೇಳಬೇಕು. ಕೈ ಅರೆಯುತ್ತಿತ್ತು, ಬಾಯಿ ಪ್ರಾರ್ಥಿಸುತ್ತಿತ್ತು, ಅಮ್ಮ ಮಾತ್ರ ಇಡೀ ಮನೆಯನ್ನು ಸುತ್ತಿ ಬರುತ್ತಿದ್ದಳು. "ನಮಾನ್ ಮರಿಯೆ" ಎಂದು ಹೊರಟ ರಾಗದಲ್ಲಿಯೇ, ಒಂದು ಸ್ವರವೂ ಏರದೆ ಇಳಿಯದೆ, "ಬೆಕ್ಕು ಮೀನಿಗೆ ಬಂತು ನೋಡು, ಫೆಲಿಕ್ಸ್ ನಿದ್ದೆ ಮಾಡ್ತಾನೆ ಅವನಿಗೆ ಒಂದು ಕೊಡು" ಎಂದು ಸೇರಿಸಿ, ಪುನಃ ಪ್ರಾರ್ಥನೆಯ ಸರಿಯಾದ ಜಾಗಕ್ಕೇ ಬಂದು ಸೇರುತ್ತಿದ್ದಳು. ನಾವು ಎಲ್ಲದಕ್ಕೂ "ಆಮೆನ್" ಎನ್ನುತ್ತಿದ್ದೆವು. ಫೆಲಿಕ್ಸ್ ಪೆಟ್ಟು ತಿಂದ ಮೇಲೆ ಆಮೆನ್ ಎನ್ನುತ್ತಿದ್ದ. ಒಂದು ದಿನ ಅಪ್ಪ "ಅಷ್ಟೆಲ್ಲ ಮಧ್ಯೆ ಹೇಳ್ತೀಯಲ್ಲ, ಮಣಿಯ ಲೆಕ್ಕ ತಪ್ಪುದಿಲ್ಲವಾ?" ಎಂದು ಕೇಳಿದರು. ಅಮ್ಮ ಯೋಚಿಸಿದಳು. ಯೋಚಿಸಿದ್ದೇ ತಪ್ಪಾಯಿತು. ಆ ಸಂಜೆ ಲೆಕ್ಕ ತಪ್ಪಿ, ನಾವು ಎಷ್ಟು ಹೊತ್ತು ಮೊಣಕಾಲೂರಿ ಕೂತೆವೋ ದೇವರಿಗೇ ಗೊತ್ತು. ಮಸಾಲೆ ಮಾತ್ರ ಅಷ್ಟು ನುಣ್ಣಗೆ ಮತ್ತೆಂದೂ ಆಗಲಿಲ್ಲ.

ಎಲ್ಲಿಂದ ಎಲ್ಲಿಗೆ ಹೋದೆ. ಕಾರಿಗೆ ಬರುತ್ತೇನೆ.

ಮೂರನೇ ವಾರ ಝೊಹರಾ ಧೈರ್ಯ ಮಾಡಿ ನನ್ನನ್ನು ದೊಡ್ಡ ರಸ್ತೆಗೆ ಇಳಿಸಿದಳು. ಬಲ್ಮಠದಿಂದ ಹೊರಟೆವು. ಎರಡನೇ ಗೇರಿನಿಂದ ಮೂರಕ್ಕೆ ಹಾಕಬೇಕು, ಎಡಗೈ ಗೇರಿನ ಮೇಲೆ. ಅಷ್ಟರಲ್ಲಿ ತಿರುವಿನಲ್ಲಿ ಮಾತೆ ಮರಿಯಮ್ಮನವರ ಗ್ರೊಟ್ಟೊ, ಗುಹೆಯ ಹಾಗೆ ಕಟ್ಟಿದ ಪುಟ್ಟ ಗುಡಿ, ಬಂತು, ಗಾಜಿನೊಳಗೆ ನೀಲಿ ಸೆರಗು, ಎದುರು ಮೇಣದ ಬತ್ತಿ. ನನ್ನ ಬಲಗೈ ಸ್ಟೀರಿಂಗ್ ಬಿಟ್ಟು ಎದ್ದಿತು. ಹಣೆ, ಎದೆ, ಎಡ ಭುಜ, ಬಲ ಭುಜ. ಸಾವಕಾಶವಾಗಿ, ಭಕ್ತಿಯಿಂದ, ತಲೆಯನ್ನೂ ಸ್ವಲ್ಪ ಬಾಗಿಸಿ.

ಕಾರಿಗೆ ಭಕ್ತಿ ಇಲ್ಲ. ಅದು ಸೀದಾ ಚರಂಡಿಯ ಕಡೆಗೆ ಹೊರಟಿತು.

ಝೊಹರಾ ಒಂದು ಕೈಯಲ್ಲಿ ಸ್ಟೀರಿಂಗ್ ಎಳೆದು, ಕಾಲಿನಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿದಳು. ಹಿಂದಿನ ಬಸ್ಸಿನವನು ನನ್ನ ಪೂರ್ವಜರ ಬಗ್ಗೆ ತುಳುವಿನಲ್ಲಿ ಏನೋ ಹೇಳಿ ಮುಂದೆ ಹೋದ.

"ಟೀಚರ್! ಎಂತದು ಇದು? ಎರಡೂ ಕೈ ಬಿಟ್ರಲ್ಲ!"

"ನಾನು ಬಿಡಲಿಲ್ಲ."

"ಮತ್ತೆ ಯಾರು ಬಿಟ್ಟದ್ದು? ನಾನಾ?"

"ಕೈ ಬಿಟ್ಟಿತು" ಎಂದೆ. ಅದು ಸತ್ಯ. ನನ್ನನ್ನು ಕೇಳದೆ ಬಿಟ್ಟಿತು. ನನಗೆ ಮೂರು ವರ್ಷ ಆಗುವ ಮೊದಲೇ ಅಜ್ಜಿ ನನ್ನ ಮಣಿಕಟ್ಟು ಹಿಡಿದು ಹಣೆ, ಎದೆ, ಭುಜ ಎಂದು ಮುಟ್ಟಿಸಿ ಕಲಿಸಿದ್ದಳು. ಶಿಲುಬೆಯ ಗುರುತು ನನಗೆ ತಿಳಿಯುವ ಮೊದಲು ನನ್ನ ಕೈಗೆ ತಿಳಿದಿತ್ತು. ನೀವು ಸಿಟಿ ಬಸ್ಸಿನಲ್ಲಿ ನೋಡಿರಬಹುದು, ಚರ್ಚು ದಾಟುವಾಗ ಅರ್ಧ ಬಸ್ಸಿನ ಕೈಗಳು ತಮ್ಮಷ್ಟಕ್ಕೆ ಏಳುತ್ತವೆ. ಸ್ಟಾಪಿನಲ್ಲಿ ನಿಲ್ಲಿಸಲಿಲ್ಲ ಎಂದು ಕಂಡಕ್ಟರನಿಗೆ ಬೈಯುತ್ತಿರುವ ನಮ್ಮ ಕ್ರೈಸ್ತ ಬಾಯಿಮ್ಮನ ಕೈಯೂ ಏಳುತ್ತದೆ, ಬೈಗುಳ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಕೂತವರಿಗೆ ಅದರಿಂದ ತೊಂದರೆ ಇಲ್ಲ. ಡ್ರೈವರ್ ಕ್ರೈಸ್ತನಾಗಿದ್ದರೆ ಏನು ಮಾಡುತ್ತಾನೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

"ನಿಮ್ಮ ಮಾತೆ ಕ್ಷಮಿಸಿಯಾರು. ಹಿಂದಿನ ಬಸ್ಸಿನವ ಕ್ಷಮಿಸುದಿಲ್ಲ" ಎಂದಳು ಝೊಹರಾ.

ಶಿಲುಬೆ ಇಲ್ಲದ ರಸ್ತೆಯಲ್ಲಿ ಕಲಿಸೋಣ ಎಂದು ಅವಳು ಎರಡು ದಿನ ಹುಡುಕಿದಳು. ಮಂಗಳೂರಿನಲ್ಲಿ ಶಿಲುಬೆ ಇಲ್ಲದ ರಸ್ತೆ! ಚರ್ಚು ಇಲ್ಲದಲ್ಲಿ ಚಾಪೆಲು, ಚಾಪೆಲು ಇಲ್ಲದಲ್ಲಿ ಗ್ರೊಟ್ಟೊ, ಗ್ರೊಟ್ಟೊ ಇಲ್ಲದಲ್ಲಿ ಯಾರದೋ ಹಿತ್ತಿಲ ಮೂಲೆಯಲ್ಲಿ ಸುಣ್ಣ ಬಳಿದ ಪುಟ್ಟ ಶಿಲುಬೆ, ನಮ್ಮ ಬಾಯಲ್ಲಿ ಖುರಿಸು. ಕೊನೆಗೆ ಅವಳು ಬೇರೆ ಉಪಾಯ ಮಾಡಿದಳು. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಳು. ತಲೆಗೆ ಸ್ಕಾರ್ಫ್ ಬಿಗಿದ ಬ್ಯಾರಿ ಮುಸ್ಲಿಂ ಹುಡುಗಿ ಇಡೀ ದಾರಿ ನನಗೆ ಶಿಲುಬೆ ಸಾರುತ್ತಾ ಹೋದಳು.

"ಎಡಕ್ಕೆ ಖುರಿಸು ಬರ್ತದೆ ಟೀಚರ್, ಕೈ ಗಟ್ಟಿ!... ಹೋಯ್ತು. ಈಗ ಸ್ವಲ್ಪ ದೂರ ಎಂತದೂ ಇಲ್ಲ, ಆರಾಮ ಬಿಡಿ... ಬಲಕ್ಕೆ ಸಂತ ಅಂತೋನಿ! ಅಂತೋನಿ! ಕೈ!"

"ಅದು ಅಂತೋನಿ ಅಲ್ಲ, ಜೋಸೆಫ್. ಗಡ್ಡ ನೋಡು."

"ನೀವು ಗಡ್ಡ ಯಾಕೆ ನೋಡಿದ್ದು? ರಸ್ತೆ ನೋಡಿ!"

ಕೈಯನ್ನು ಕಾಯುತ್ತಾ ಕೂತರೆ ಕೈ ಏಳುತ್ತಿರಲಿಲ್ಲ, ನಿಜ. ಆದರೆ ಅಷ್ಟೂ ಹೊದಿಕೆಯನ್ನು ಕೈಗೇ ಹೊದೆಸಿದ್ದರಿಂದ ಕಾಲು ಕ್ಲಚ್ಚನ್ನು ಮರೆತು ಇಂಜಿನ್ ಆಫ್ ಆಗುತ್ತಿತ್ತು. ಪ್ರತಿ ಶಿಲುಬೆಯ ಎದುರೂ ಕಾರು ತಾನಾಗಿ ನಿಂತು ಒಮ್ಮೆ ನಡುಗಿ ಸುಮ್ಮನಾಗುವುದನ್ನು ಕಂಡ ಒಬ್ಬ ಹೂ ಮಾರುವವಳು, "ಎಂಥ ಭಕ್ತಿಯ ಬಾಯಿಮ್ಮ" ಎಂದು ಕೈಮುಗಿದಳು.

ಹೀಗಿದ್ದೂ ನಾನು ಟೆಸ್ಟಿಗೆ ಹೋದೆ. ಸುತ್ತು ಬಂದೆ, ತಿರುಗಿಸಿದೆ, ರಿವರ್ಸ್ ಕೂಡ ಬಂತು. ಮೈದಾನದ ಕಾಂಪೌಂಡಿನ ಆಚೆ ಒಂದು ಮನೆಯ ಗೇಟಿನ ಕಂಬದ ಮೇಲೆ ಅಂಗೈಯಷ್ಟು ದೊಡ್ಡ ಖುರಿಸು ಇದ್ದದ್ದು ಝೊಹರಾಳ ಪಟ್ಟಿಯಲ್ಲಿ ಇರಲಿಲ್ಲ. ನನ್ನ ಕಣ್ಣೂ ಅದನ್ನು ನೋಡಲಿಲ್ಲ. ಕೈ ನೋಡಿತು. ಪಕ್ಕದಲ್ಲಿ ಕೂತ ಇನ್‌ಸ್ಪೆಕ್ಟರು ಮೊದಲು ನಾನು ಅವರಿಗೆ ನಮಸ್ಕಾರ ಮಾಡುತ್ತಿದ್ದೇನೆ ಎಂದುಕೊಂಡು ತಲೆ ಆಡಿಸಿದರು. ಆಮೇಲೆ ಎರಡೂ ಕೈ ಸ್ಟೀರಿಂಗಿನ ಮೇಲೆ ಇಲ್ಲದ್ದು ಕಂಡು ಕೂಗಿದರು. "ಅಮ್ಮಾ, ಪ್ರಾರ್ಥನೆ ಮಾಡ್ಬೇಕಾದ್ದು ನೀವಲ್ಲ, ಪಕ್ಕದಲ್ಲಿ ಕೂತ ನಾನು!"

ಫೇಲ್.

ಮನೆಗೆ ಬಂದರೆ ವಿನ್ಸೆಂಟ್ ವರಾಂಡದಲ್ಲಿದ್ದರು. ಫೇಲ್ ಎಂದೆ. "ಹೂಂ" ಎಂದರು. ಖುಷಿಯಿಂದ ಹೇಳಿದ್ದರೂ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಆ ಹೂಂ ಯಾವ ಬಣ್ಣವೂ ಇಲ್ಲದ ಹೂಂ. ಅಡುಗೆಮನೆಗೆ ಹೋಗಿ ಬಸಳೆ ಕತ್ತರಿಸುತ್ತಾ ಸ್ವಲ್ಪ ಅತ್ತೆ. ಅಳುವಾಗಲೂ ಬೆರಳು ಚಾಕುವಿಗೆ ಸಿಗಲಿಲ್ಲ, ನೋಡಿ. ಕೈಗಳಿಗೆ ನಮ್ಮ ದುಃಖದ ಪರಿವೆಯೇ ಇರುವುದಿಲ್ಲ.

ನನ್ನ ಮಗಳು ಶೀಲಾ ಫಿಸಿಯೋಥೆರಪಿಸ್ಟ್. ಸ್ಟ್ರೋಕ್ ಆದವರಿಗೆ ಪುನಃ ನಡೆಯಲು, ಚಮಚ ಹಿಡಿಯಲು ಕಲಿಸುತ್ತಾಳೆ. ಮರುದಿನ ಬಂದವಳು ನನ್ನ ಕಥೆ ಕೇಳಿ ಮೊದಲು ನಗುವಷ್ಟು ನಕ್ಕಳು. ಆಮೇಲೆ ಡಾಕ್ಟರುಗಳ ಮುಖ ಮಾಡಿದಳು.

"ಮಮ್ಮಿ, ತಲೆಯ ಎದುರು ಭಾಗ ಉಂಟಲ್ಲ, ಅದು ಹೆಡ್ಮಿಸ್ಟ್ರೆಸ್ ಇದ್ದ ಹಾಗೆ. ಹೊಸ ಕೆಲಸ ಎಂತ ಬಂದ್ರೂ ಮೊದಲು ಅವಳೇ ನಿಂತು ನೋಡ್ಬೇಕು. ಒಂದು ಸಲಕ್ಕೆ ಒಂದೇ ನೋಡುವುದು. ಮಾಡಿ ಮಾಡಿ ಅಭ್ಯಾಸ ಆದ್ಮೇಲೆ ಆ ಕೆಲಸವನ್ನು ಒಳಗೆ, ಆಳದಲ್ಲಿ ಇರುವವರಿಗೆ ಹ್ಯಾಂಡ್ ಓವರ್ ಮಾಡ್ತಾಳೆ."

"ಪ್ಯೂನಿಗೆ."

"ಹಾಂ, ಪ್ಯೂನ್. ಅವನಿಗೆ ಯೋಚನೆ ಬೇಡ. ಗಂಟೆ ಆಯ್ತು, ಬೆಲ್ ಹೊಡೆದ, ಮುಗೀತು. ನಿಮ್ಮ ಪ್ಯೂನ್ ಅರುವತ್ತೆಂಟು ವರ್ಷದಿಂದ ಖುರಿಸು ಕಂಡ್ರೆ ಬೆಲ್ ಹೊಡೀತಾನೆ. ಈಗ ಹೆಡ್ಮಿಸ್ಟ್ರೆಸ್ ಕ್ಲಚ್ಚಿನಲ್ಲಿ ಬಿಜಿ. ಅವ ಯಾರನ್ನು ಕೇಳ್ಲಿಕ್ಕೆ ಹೋಗ್ತಾನೆ?"

"ಹೊಡೆಯಬೇಡ ಅಂತ ಹೇಳಿದರೆ?"

"ಕೇಳುದಿಲ್ಲ. ನನ್ನ ಪೇಷಂಟ್ಸ್ ಹತ್ರ ನಾನು 'ಹಾಗೆ ಮಾಡ್ಬೇಡಿ' ಅಂತ ಹೇಳುದೇ ಇಲ್ಲ. ಬದಲಿಗೆ ಬೇರೆ ಎಂತಾದ್ರೂ ಕೊಡ್ತೇನೆ. ಕೈ ಸ್ಟೀರಿಂಗಿನಲ್ಲೇ ಇರ್ಬೇಕು, ಖುರಿಸಿಗೆ ಮರ್ಯಾದೆಯೂ ಆಗ್ಬೇಕು. ಅಂಥದ್ದು ಎಂತ ಉಂಟು ನೋಡಿ."

ಅವಳು ಹೋದ ಮೇಲೆ ನನಗೆ ಒಂದು ಕೆಟ್ಟ ಕುತೂಹಲ ಹತ್ತಿತು. ಪ್ಯೂನ್ ಮಾಡುವ ಕೆಲಸಗಳನ್ನು ಹೆಡ್ಮಿಸ್ಟ್ರೆಸ್ ಹೋಗಿ ನೋಡಿದರೆ ಹೇಗೆ? ಭಾನುವಾರ ಬೆಳಿಗ್ಗೆ ಸೀರೆ ಉಡುವಾಗ, ನೆರಿಗೆ ಹಿಡಿಯುವ ಬೆರಳನ್ನೇ ನೋಡುತ್ತಾ, ಎಷ್ಟು ನೆರಿಗೆ, ಹೆಬ್ಬೆರಳು ಮೊದಲೋ ಕಿರುಬೆರಳು ಮೊದಲೋ ಎಂದು ಕೇಳಿದೆ. ಐವತ್ತು ವರ್ಷ ತಪ್ಪದ ಬೆರಳುಗಳು ಇನ್‌ಸ್ಪೆಕ್ಷನ್ ದಿನದ ಮಕ್ಕಳ ಹಾಗೆ ಒಂದರ ಮುಖ ಒಂದು ನೋಡಿದವು. ಹಿಡಿದದ್ದು ಜಾರಿತು, ಜಾರಿದ್ದು ಕಾಲಿಗೆ ಸುತ್ತಿತು. ಸೇಫ್ಟಿ ಪಿನ್ನು ಚುಚ್ಚಿತು. ಚರ್ಚಿನ ಪೂಜೆಗೆ ತಲುಪುವಾಗ ಫಾದರ್ ಪ್ರಸಂಗದ ಮಧ್ಯದಲ್ಲಿದ್ದರು. "ಸಾಯ್ಬಾ ಭೊಗೊಸ್" ಎಂದು ದೇವರಲ್ಲಿ ಕ್ಷಮೆ ಕೇಳಿ ಹಿಂದಿನ ಬೆಂಚಿನಲ್ಲಿ ಕೂತೆ. ಅಲ್ಲಿ ಕೂತಾಗಲೇ ಹೊಳೆಯಿತು.

ಹಾರ್ನ್.

ಹಾರ್ನ್ ಒತ್ತಲು ಕೈ ತೆಗೆಯಬೇಕಾಗಿಲ್ಲ, ಹೆಬ್ಬೆರಳು ಸಾಕು. ಪಾಪವೂ ಅಲ್ಲ. ಚರ್ಚಿನ ಗಂಟೆ ಮತ್ತೇನು, ಅದೂ ಒಂದು ಹಾರ್ನೇ ಅಲ್ಲವೇ? ಝೊಹರಾಳಿಗೆ ಹೇಳಿದೆ. ಅವಳು ಒಂದು ನಿಮಿಷ ಹೊರಗೆ ನೋಡಿದಳು. ನಗು ತಡೆದುಕೊಳ್ಳಲು ಇರಬೇಕು.

"ಆಯ್ತು ಟೀಚರ್. ಮೂರನೇ ಕ್ಲಾಸಿನಲ್ಲಿ ನೀವು ನನ್ನ ಹತ್ರ ಒಂದೇ ಅಕ್ಷರ ಇಡೀ ಪುಸ್ತಕ ಬರೆಸಿದ್ರಿ ಅಲ್ವಾ? ಈಗ ನಾವು ಖುರಿಸು ಬರೆಯುವಾ."

ಹದಿನೈದು ದಿನ ಮಂಗಳೂರಿನ ಸಂತರಿಗೆಲ್ಲ ನಾನು ಹಾರ್ನ್ ಹೊಡೆದೆ. ಅಂತೋನಿಗೆ ಹೊಡೆದೆ, ಜೋಸೆಫರಿಗೆ ಹೊಡೆದೆ, ನೀಲಿ ಸೆರಗಿನ ಮಾತೆಗೆ ಎರಡು ಸಲ ಹೊಡೆದೆ. ಮೊದಮೊದಲು ಕೈ ಅರ್ಧ ಏಳುತ್ತಿತ್ತು, ಹೆಬ್ಬೆರಳು ಅದನ್ನು ಕೆಳಗೆ ಎಳೆಯುತ್ತಿತ್ತು. ಆಮೇಲೆ ಎಳೆಯಬೇಕಾಗಲಿಲ್ಲ. ಹೆಡ್ಮಿಸ್ಟ್ರೆಸ್‌ಗೆ ಪುರುಸೊತ್ತು ಸಿಕ್ಕಿ ಅವಳು ಕ್ಲಚ್ಚನ್ನೂ ಯಾರಿಗೋ ವಹಿಸಿಕೊಟ್ಟಳು ಎಂದು ಕಾಣುತ್ತದೆ. ಗೇರನ್ನು ಹುಡುಕುವುದು ಯಾವ ದಿನ ನಿಂತಿತೋ ನನಗೆ ಗೊತ್ತಾಗಲಿಲ್ಲ. ಝೊಹರಾಳ ಮೊಣಕಾಲಿಗೆ ಗೊತ್ತಿರಬಹುದು.

ಎರಡನೇ ಟೆಸ್ಟು. ಅದೇ ಮೈದಾನ, ಅದೇ ಇನ್‌ಸ್ಪೆಕ್ಟರು. ಅವರು ಈ ಸಲ ಕೂತ ಕೂಡಲೇ ಬೆಲ್ಟ್ ಹಾಕಿಕೊಂಡು ಮೇಲಿನ ಹಿಡಿಯನ್ನೂ ಹಿಡಿದುಕೊಂಡರು. ನಾನು ಸುತ್ತು ಬಂದೆ. ಗೇಟಿನ ಕಂಬದ ಹತ್ತಿರ ಹೆಬ್ಬೆರಳು ತನ್ನ ಕೆಲಸ ಮಾಡಿತು. ಪೋಂ.

"ಯಾರೂ ಇಲ್ವಲ್ಲ ಅಮ್ಮ! ಯಾರಿಗೆ ಹಾರ್ನ್ ಹೊಡೆದದ್ದು?"

ಕಾನ್ವೆಂಟಿನಲ್ಲಿ ಓದಿದವಳು, ಸುಳ್ಳು ಬರುವುದಿಲ್ಲ. "ಏಸುವಿಗೆ, ಸರ್" ಎಂದೆ.

ಅವರು ನನ್ನನ್ನು ನೋಡಿದರು, ಕಂಬದ ಮೇಲಿನ ಖುರಿಸನ್ನು ನೋಡಿದರು, ಸ್ಟೀರಿಂಗಿನ ಮೇಲಿದ್ದ ನನ್ನ ಎರಡು ಕೈಗಳನ್ನು ನೋಡಿದರು. "ಸೈಡ್ ಕೊಟ್ರಾ ಅವರು?" ಎಂದು ಕೇಳಿ ಪೇಪರಿಗೆ ಸಹಿ ಹಾಕಿದರು.

ಲೈಸೆನ್ಸ್ ಕೈಗೆ ಬಂದ ವಾರವೇ, ಮೊನ್ನೆ ಶನಿವಾರ, ಕಾರನ್ನು ಗೇಟಿನ ಹೊರಗೆ ತಂದು ನಿಲ್ಲಿಸಿ ವರಾಂಡಕ್ಕೆ ಬಂದೆ. ವಿನ್ಸೆಂಟ್ ದಾರ ಸುತ್ತುತ್ತಿದ್ದರು.

"ಹೋಗುವಾ?"

"ಇಲ್ಲ."

"ಸರಿ. ನಾನು ಒಬ್ಬಳೇ ಕೂಳೂರಿಗೆ ಹೋಗಿ ಹೊಳೆ ನೋಡಿ ಬರುತ್ತೇನೆ" ಎಂದು ತಿರುಗಿದೆ. ಇದು ತಂತ್ರವೇನಲ್ಲ, ಸಿಟ್ಟು. ಗೇಟಿನ ಹತ್ತಿರ ಬರುವಾಗ ಹಿಂದಿನಿಂದ ಚಪ್ಪಲಿಯ ಸದ್ದು. ಗಾಳದ ಚೀಲ ಹೆಗಲಿಗೆ ಹಾಕಿ, ಒಂದು ಕೈಯಿಂದ ಗೋಡೆ ಸವರುತ್ತಾ ಬರುತ್ತಿದ್ದರು.

"ಕಾರಿಗೋಸ್ಕರ ಬರ್ತೇನೆ. ಅದೊಂದನ್ನೇ ನಿನ್ನ ಜೊತೆ ಕಳಿಸ್ಲಿಕ್ಕೆ ನನಗೆ ಮನಸ್ಸಿಲ್ಲ."

ನಂತೂರು ಸರ್ಕಲ್ ದಾಟುವವರೆಗೆ ಅವರು ಬಾಯಿ ಮುಚ್ಚಲಿಲ್ಲ. ಎರಡು ವರ್ಷದ ಮಾತು ಒಟ್ಟಿಗೆ ಬಂತು. ಬ್ರೇಕ್, ಬ್ರೇಕ್. ಲಾರಿ ಉಂಟಾ? ಆಕ್ಸಿಲರೇಟರ್ ಒತ್ತು, ಅದು ಮೊಟ್ಟೆ ಅಲ್ಲ. ಹೈವೇಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ನೀವು ಬಲ್ಮಠದ ನಮ್ಮ ತವರುಮನೆಗೆ ನನ್ನನ್ನು ಹೆಣ್ಣು ನೋಡಲಿಕ್ಕೆ ಬಂದ ದಿನ ಬಾಯಿಯೇ ಇರಲಿಲ್ಲ. ಎರಡು ಗಂಟೆ ಕೂತು ಒಂದು ಕೇಕ್ ತಿಂದು ಹೋದವರು" ಎಂದೆ.

"ಮಾತಾಡ್ಲಿಕ್ಕೆ ಎಂತ ಉಂಟು? ನಾನು ನಿನ್ನ ಹಳದಿ ಫ್ರಾಕ್ ನೋಡ್ತಾ ಇದ್ದೆ."

"ಹಳದಿಯಾ? ಹಸಿರು. ತಿಳಿ ಹಸಿರು, ಕಾಲರಿಗೆ ಬಿಳಿ ಲೇಸು. ಅಮ್ಮ ಹೊಲಿದದ್ದು."

"ಹಳದಿ. ಆಗ ನನ್ನ ಕಣ್ಣು ಸರಿ ಇತ್ತು."

"ಫ್ರಾಕ್ ಹಾಕಿದ್ದು ನಾನು!"

"ನೋಡಿದ್ದು ನಾನು. ಹಾಕಿದವರಿಗೆ ಎಂತ ಕಾಣ್ತದೆ?"

ಹಳದಿ ಫ್ರಾಕ್ ನನ್ನ ತಂಗಿ ಗ್ಲಾಡಿಸಳದು, ಕೇಕ್ ತಂದಿಟ್ಟವಳು ಅವಳೇ ಎಂದು ನನಗೆ ಆಗ ನೆನಪಾಯಿತು. ಅಂದರೆ ಎರಡು ಗಂಟೆ ಕೂತು ನೋಡಿದ್ದು ಯಾರನ್ನು? ಅದನ್ನು ನಾನು ಸುಮ್ಮನೆ ಬಿಡುತ್ತೇನೆಯೇ? ಅವರೂ ಬಿಡಲಿಲ್ಲ. ಕೇಕ್ ತಂದವಳಿಗೆ ಹಲ್ಲು ಉಬ್ಬು ಇತ್ತು, ನಿನಗೆ ಇರಲಿಲ್ಲ, ಆದ್ದರಿಂದ ಹಳದಿ ನಿನ್ನದೇ ಎಂದು ಬ್ಯಾಂಕಿನವರ ಹಾಗೆ ವಾದಿಸಿದರು. ಹೀಗೆ ಜಗಳ ಜೋರಾಗಿ ನಡೆಯುತ್ತಿರುವಾಗ ನಾನು ಕಾರನ್ನು ಬದಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ನಿಲ್ಲಿಸಿದೆ. ಎದುರಿಗೆ ಹೊಳೆ.

ಆಗ ನಾನು ಹಿಂದೆ ತಿರುಗಿ ಬಂದ ದಾರಿಯನ್ನು ನೋಡಿದೆ.

"ವಿನ್ಸೆಂಟ್, ಕುಂಟಿಕಾನ ಯಾವಾಗ ಬಂತು?"

"ಯಾಕೆ?"

"ಕೊಟ್ಟಾರ ಚೌಕಿ? ನನಗೆ ಒಂದೂ ನೆನಪಿಲ್ಲ. ನಾನು ರಸ್ತೆಯನ್ನೇ ನೋಡಲಿಲ್ಲ!"

ಅವರು ಸೀಟ್ ಬೆಲ್ಟ್ ಬಿಚ್ಚಿದರು. ಹೊಳೆಯ ಕಡೆಗೆ ಮುಖ ಮಾಡಿ, ಕೊಳವೆಯೊಳಗೆ ಅದನ್ನು ಸರಿಯಾಗಿ ಕೂರಿಸಿಕೊಂಡರು. "ನಲವತ್ತು ವರ್ಷ ನಿನ್ನನ್ನು ಪಕ್ಕದಲ್ಲಿ ಕೂರಿಸಿ ಓಡಿಸಿದ್ದೇನೆ ಐರಿನ್. ಒಂದು ದಿನದ ರಸ್ತೆಯೂ ನನಗೆ ನೆನಪಿಲ್ಲ. ನೀನು ಮಾತಾಡಿದ್ದೆಲ್ಲ ನೆನಪುಂಟು."

ಅಂಗಡಿಯಿಂದ ಹಸನಬ್ಬ ಓಡಿ ಬಂದರು. ವಿನ್ಸೆಂಟ್ ಇಳಿದವರೇ ಹೆಮ್ಮೆಯಿಂದ ಸಾರಿದರು. "ನೋಡಿ ಹಸನಬ್ಬ, ಇವಳು ರಸ್ತೆ ನೋಡದೆ ಕರ್ಕೊಂಡು ಬಂದಳು!" ಹಸನಬ್ಬ ಒಮ್ಮೆ ನನ್ನನ್ನು, ಒಮ್ಮೆ ಕಾರನ್ನು ನೋಡಿ, ಎರಡು ಹೆಜ್ಜೆ ಹಿಂದೆ ಸರಿದರು. "ಝೊಹರಾ ಹಾಗೆಯಾ ಕಲಿಸಿದ್ದು?" ಎಂದು ಸಣ್ಣ ಸ್ವರದಲ್ಲಿ ಕೇಳಿದರು.

ಆ ಮಧ್ಯಾಹ್ನ ಎರಡು ಮೀನು ಸಿಕ್ಕಿತು, ಎರಡೂ ಬೆಕ್ಕಿನ ತುತ್ತಿನ ಅಳತೆಯವು.

ಹಿಂದಿರುಗುವಾಗ ನಾನು ನಿರ್ಧಾರ ಮಾಡಿದ್ದೆ, ಈ ಸಲ ಪೂರ್ತಿ ಗಮನ ರಸ್ತೆಯ ಮೇಲೆ. ಮಾತಿಲ್ಲ. ಕ್ಲಚ್ಚು ಎಷ್ಟು ಒತ್ತಿದೆ ಎಂದು ನೋಡಿದೆ, ಗೇರ್ ಯಾವುದು ಎಂದು ನೋಡಿದೆ, ಎಡಗಾಲು ಎಲ್ಲಿದೆ ಎಂದು ನೋಡಿದೆ. ನಂತೂರು ಸರ್ಕಲಿನ ನಟ್ಟನಡುವೆ ಕಾರು ಒಮ್ಮೆ ಹಾರಿ ಆಫ್ ಆಯಿತು. ಸ್ಟಾರ್ಟ್ ಮಾಡಿದೆ. ಮತ್ತೆ ಹಾರಿತು, ಮತ್ತೆ ಆಫ್. ನಾಲ್ಕೂ ಕಡೆಯಿಂದ ಬಸ್ಸು, ಲಾರಿ, ಟ್ಯಾಂಕರು, ಎಲ್ಲರ ಹಾರ್ನು. ನನಗೆ ಡ್ರೈವಿಂಗಿನ ಒಂದಕ್ಷರವೂ ನೆನಪಿರಲಿಲ್ಲ. ಇನ್ನು ಈ ಮನುಷ್ಯ ಜನ್ಮದಲ್ಲಿ ನನ್ನ ಜೊತೆ ಬರುವುದಿಲ್ಲ ಎಂದುಕೊಂಡೆ.

ವಿನ್ಸೆಂಟ್ ಮೀನಿನ ಚೀಲವನ್ನು ಮಡಿಲಿನಲ್ಲಿ ಸರಿಮಾಡಿಕೊಂಡರು. ಸೀಟಿಗೆ ಒರಗಿ ಕಣ್ಣು ಮುಚ್ಚಿದರು.

"ಹಳದಿಯೇ ಐರಿನ್" ಎಂದರು. "ಬೇಕಾದರೆ ಮುಂದಿನ ಶನಿವಾರ ದಾರಿಯಲ್ಲಿ ಗ್ಲಾಡಿಸಳ ಮನೆಗೆ ಹೋಗಿ ಕೇಳುವಾ."

"ಹಸಿರು!" ಎಂದೆ. ಕಾರು ಹೊರಟಿತು.